ಓದುವ ಮೊದಲೇ ಮಾರಾಟಕ್ಕಿಟ್ಟ ಎಕ್ಸೋಸೋಮ್

2021ರ ಏಪ್ರಿಲ್ ಕೊನೆಯ ಹೊತ್ತಿಗೆ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಬೆಂಗಳೂರಿನ ವಿಶ್ವೇಶ್ವರಪುರಂನ ಮನೆಗಳಲ್ಲಿ ಶಾಲೆಯ ವಿಜ್ಞಾನವನ್ನು ಎಂದೋ ಮರೆತವರ ಬಾಯಲ್ಲೂ ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಎಂಬ ಹೆಸರುಗಳು ಓಡಾಡುತ್ತಿದ್ದವು. ಲ್ಯಾಬಿನ ವರದಿ ವಾಟ್ಸಾಪಿಗೆ ಬಂದ ಕೂಡಲೇ ಮನೆಯವರೆಲ್ಲ ದಪ್ಪಕ್ಷರದಲ್ಲಿ ಮೂಡಿದ ಅಂಕಿಯನ್ನು ಹುಡುಕುತ್ತಿದ್ದರು. ಡಿ-ಡೈಮರ್ ಏರಿದೆ ಎಂದರೆ ಪರಿಚಯದ ಡಾಕ್ಟರಿಗೆ ಕರೆ, ಆಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ನಿಗಾಗಿ ಸಜ್ಜನ್ ರಾವ್ ವೃತ್ತದಿಂದ ಮಿನರ್ವ ವೃತ್ತದವರೆಗೆ ಮೆಡಿಕಲ್ ಸ್ಟೋರುಗಳ ಅಲೆದಾಟ. ಜೀವ ಉಳಿಸಿಕೊಳ್ಳುವ ಅವಸರದಲ್ಲಿ ಯಾರಿಗೂ ಒಂದು ಪ್ರಶ್ನೆ ಕೇಳಲು ಪುರುಸೊತ್ತಿರಲಿಲ್ಲ. ಮೂಗು, ಗಂಟಲು, ಶ್ವಾಸಕೋಶದ ದಾರಿಯಲ್ಲಿ ಬಂದ ವೈರಸ್ಸು ಕಾಲಿನ ರಕ್ತನಾಳದಲ್ಲಿ, ಮಿದುಳಿನಲ್ಲಿ ರಕ್ತವನ್ನು ಏಕೆ ಹೆಪ್ಪುಗಟ್ಟಿಸಬೇಕು? ಉಸಿರಿನ ಕಾಯಿಲೆ ರಕ್ತದ ಕಾಯಿಲೆಯಾಗುವುದು ಹೇಗೆ?

ಇದಕ್ಕಿರುವ ಉತ್ತರಗಳಲ್ಲಿ ಒಂದು ನಮ್ಮ ರಕ್ತದಲ್ಲಿ ಸದಾ ತೇಲುತ್ತಿರುವ ಕಿರುಚೀಲಗಳಲ್ಲಿದೆ. ವಿಜ್ಞಾನಿಗಳು ಇವನ್ನು ವೆಸಿಕಲ್ ಎನ್ನುತ್ತಾರೆ. ಅವುಗಳಲ್ಲಿ ಒಂದು ಜಾತಿಗೆ ಎಕ್ಸೋಸೋಮ್ ಎಂದು ಹೆಸರು. ಈ ಹೆಸರನ್ನು ಈಗ ನೀವು ಬೇರೊಂದು ಕಡೆ ಕಂಡಿರಬಹುದು: ಕೂದಲು ಬೆಳೆಸುತ್ತೇವೆ, ಚರ್ಮಕ್ಕೆ ಹೊಳಪು ಕೊಡುತ್ತೇವೆ, ಸುಸ್ತು ಕಳೆಯುತ್ತೇವೆ ಎನ್ನುವ ಜಾಹೀರಾತುಗಳಲ್ಲಿ. ನಾನು ಹೇಳಬೇಕೆಂದಿರುವುದು ಇಷ್ಟು. ಈ ಕಿರುಚೀಲಗಳು ಸೋಂಕಿನ ಮತ್ತು ಚೇತರಿಕೆಯ ಬಗ್ಗೆ ಬೇರೆ ಯಾವ ಪರೀಕ್ಷೆಯೂ ಕೊಡದ ಸುಳಿವುಗಳನ್ನು ಕೊಡಬಲ್ಲವು. ಆದರೆ ಅವನ್ನು ಓದುವ ಕೆಲಸ ಇನ್ನೂ ಆರಂಭದಲ್ಲಿದೆ. ಓದುವ ಮೊದಲೇ ಔಷಧ ಎಂದು ಮಾರಾಟಕ್ಕಿಡುವುದು ತಪ್ಪು, ಮತ್ತು ಆ ತಪ್ಪಿನ ರುಚಿ ಬೆಂಗಳೂರಿಗೆ ಹೊಸದಲ್ಲ.

ಮೊದಲು ವಸ್ತುವನ್ನು ನೋಡೋಣ. ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ತಮ್ಮಿಂದ ಪುಟ್ಟ ಪುಟ್ಟ ಚೀಲಗಳನ್ನು ಹೊರಕ್ಕೆ ಬಿಡುತ್ತವೆ. ಕೆಲವು ಕೋಶದ ಹೊರಪೊರೆಯೇ ಉಬ್ಬಿ ಕಳಚಿಕೊಂಡು ಆದವು. ಅವುಗಳ ಗಾತ್ರ ಸುಮಾರು 100ರಿಂದ 1000 ನ್ಯಾನೋಮೀಟರ್. ಎಕ್ಸೋಸೋಮುಗಳು ಇನ್ನೂ ಸಣ್ಣವು, 30ರಿಂದ 150 ನ್ಯಾನೋಮೀಟರ್, ಹುಟ್ಟುವ ಬಗೆಯೂ ಬೇರೆ. ಅವರೆಬೇಳೆ ಮೇಳಕ್ಕೆ ಹೆಸರಾದ ನಮ್ಮ ಬಡಾವಣೆಯವರಿಗೆ ಅದನ್ನು ವಿವರಿಸುವುದು ಸುಲಭ. ಅವರೆಕಾಯಿಯೊಳಗೆ ಕಾಳುಗಳು ಕೂತಿರುವಂತೆ ಜೀವಕೋಶದೊಳಗಿನ ಒಂದು ದೊಡ್ಡ ಚೀಲದಲ್ಲಿ ಹತ್ತಾರು ಸಣ್ಣ ಚೀಲಗಳು ಕೂಡಿಕೊಂಡಿರುತ್ತವೆ. ಆ ದೊಡ್ಡ ಚೀಲ ಕೋಶದ ಅಂಚಿಗೆ ಬಂದು ಬಾಯಿ ತೆರೆದಾಗ ಕಾಳುಗಳು ಹೊರಬೀಳುತ್ತವೆ. ಒಂದೊಂದರ ಮೇಲೂ ತಾನು ಬಂದ ಕೋಶದ ಗುರುತಿನ ಪ್ರೋಟೀನುಗಳಿರುತ್ತವೆ, ಒಳಗೆ ಆ ಕೋಶದ ಆರ್‌ಎನ್‌ಎ ತುಣುಕುಗಳಿರುತ್ತವೆ. ಶ್ವಾಸಕೋಶದ ಕೋಶ ಬಿಟ್ಟ ಚೀಲವನ್ನೂ ರಕ್ತನಾಳದ ಒಳಪದರ ಬಿಟ್ಟ ಚೀಲವನ್ನೂ ಬೇರೆಬೇರೆ ಎಂದು ಗುರುತಿಸಲು ಸಾಧ್ಯವಾಗುವುದು ಇದರಿಂದಲೇ.

ಇವುಗಳ ಕಥೆ ಕೋವಿಡ್‌ಗಿಂತ ಬಹಳ ಹಳೆಯದು. 1946ರಲ್ಲಿ ಎರ್ವಿನ್ ಷಾರ್ಗಾಫ್ ಮತ್ತು ರ‍್ಯಾಂಡಾಲ್ಫ್ ವೆಸ್ಟ್ ರಕ್ತದ ಪ್ಲಾಸ್ಮಾವನ್ನು ಅತಿವೇಗವಾಗಿ ತಿರುಗಿಸಿದರು. ತಳಕ್ಕೆ ಕೂತ ಗಸಿಯನ್ನು ತೆಗೆದುಬಿಟ್ಟರೆ ಪ್ಲಾಸ್ಮಾ ಹೆಪ್ಪುಗಟ್ಟಲು ತಡಮಾಡುತ್ತಿತ್ತು, ಗಸಿಯನ್ನು ಬೆರೆಸಿದರೆ ಬೇಗ ಹೆಪ್ಪುಗಟ್ಟುತ್ತಿತ್ತು. 1967ರಲ್ಲಿ ಪೀಟರ್ ವುಲ್ಫ್ ಆ ಗಸಿಯಲ್ಲಿ ಪ್ಲೇಟ್‌ಲೆಟ್‌ಗಳಿಂದ ಉದುರಿದ ಕಣಗಳಿವೆ ಎಂದು ತೋರಿಸಿ ಅದನ್ನು ಪ್ಲೇಟ್‌ಲೆಟ್ ಧೂಳು ಎಂದು ಕರೆದರು. 1983ರಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಅವರ ತಂಡವೂ ಅಮೆರಿಕದ ಸೇಂಟ್ ಲೂಯಿಯ ಇನ್ನೊಂದು ತಂಡವೂ ಎಳೆಯ ಕೆಂಪು ರಕ್ತಕಣಗಳು ಬಲಿಯುವಾಗ ಬೇಡವಾದ ಪ್ರೋಟೀನನ್ನು ಚೀಲಗಳಲ್ಲಿ ಕಟ್ಟಿ ಹೊರಹಾಕುವುದನ್ನು ಕಂಡವು. ಬಹುಕಾಲ ಇದು ಕಸ ಎಸೆಯುವ ಏರ್ಪಾಡು ಎಂದೇ ತಿಳಿಯಲಾಗಿತ್ತು. 1996ರಲ್ಲಿ ರೋಗನಿರೋಧಕ ಕೋಶಗಳು ಇದೇ ಚೀಲಗಳ ಮೂಲಕ ಶತ್ರುವಿನ ತುಣುಕನ್ನು ಪರಸ್ಪರ ತೋರಿಸುತ್ತವೆ ಎಂದು ಗೊತ್ತಾಯಿತು. 2007ರಲ್ಲಿ ಸ್ವೀಡನ್ನಿನ ಯಾನ್ ಲೋಟ್‌ವಾಲ್ ಅವರ ಪ್ರಯೋಗಾಲಯ ಇವು ಆರ್‌ಎನ್‌ಎಯನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಮುಟ್ಟಿಸುತ್ತವೆ ಎಂದು ತೋರಿಸಿತು. ಅಲ್ಲಿಂದ ಮುಂದೆ ಕಸ ಎಂಬ ಮಾತು ನಿಂತಿತು.

ಈ ಓದಿನಲ್ಲಿ ಬೆಂಗಳೂರಿನ ಎಳೆಯೂ ಒಂದಿದೆ. ಎಕ್ಸೋಸೋಮುಗಳಲ್ಲಿ ಯಾವ ಯಾವ ಪ್ರೋಟೀನು, ಆರ್‌ಎನ್‌ಎ ಸಿಕ್ಕಿವೆ ಎಂದು ಜಗತ್ತಿನ ಸಂಶೋಧಕರೆಲ್ಲ ಹುಡುಕುವ ಎಕ್ಸೋಕಾರ್ಟ ಎಂಬ ಮುಕ್ತ ದತ್ತಕೋಶವನ್ನು 2009ರಲ್ಲಿ ಆಸ್ಟ್ರೇಲಿಯಾದಿಂದ ಪ್ರಕಟಿಸಿದವರಲ್ಲಿ ಒಬ್ಬರಾದ ಸುರೇಶ್ ಮತಿವಾಣನ್ ಅದಕ್ಕೂ ಮೊದಲು ಕೆಲಸ ಮಾಡಿದ್ದು ವೈಟ್‌ಫೀಲ್ಡಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ. ಹಾಗಾಗಿ ಇದು ದೂರದ ಊರಿನವರ ವಿಜ್ಞಾನ, ನಾವು ಬರೀ ಕೊಳ್ಳುವವರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ಡಿ-ಡೈಮರ್‌ಗೆ ಬರೋಣ. ಹೆಪ್ಪುಗಟ್ಟಿದ ರಕ್ತವನ್ನು ದೇಹ ಕರಗಿಸಿದಾಗ ಉಳಿಯುವ ಎಳೆಯ ಚೂರು ಅದು. ಅದು ಹೆಚ್ಚಿದೆ ಎಂದರೆ ಎಲ್ಲೋ ಹೆಪ್ಪು ಕಟ್ಟುತ್ತಿದೆ, ಕರಗುತ್ತಿದೆ ಎಂದರ್ಥ. ತೀವ್ರ ಕೋವಿಡ್‌ನಲ್ಲಿ ಉರಿಯೂತ ಏರಿದಾಗ ಪ್ಲೇಟ್‌ಲೆಟ್‌ಗಳು, ಬಿಳಿರಕ್ತಕಣಗಳು, ರಕ್ತನಾಳದ ಒಳಪದರ ಎಲ್ಲವೂ ಎಂದಿಗಿಂತ ಹೆಚ್ಚು ಚೀಲಗಳನ್ನು ಉದುರಿಸುತ್ತವೆ. ಸಾಮಾನ್ಯವಾಗಿ ಕೋಶದ ಪೊರೆಯ ಒಳಮುಖದಲ್ಲಿ ಅಡಗಿರುವ ಒಂದು ಬಗೆಯ ಕೊಬ್ಬು ಈ ಚೀಲಗಳಲ್ಲಿ ಹೊರಮುಖಕ್ಕೆ ತಿರುಗಿರುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಬಂದು ಕೂಡಲು ಅದೇ ಜಾಗ. ಕೆಲವು ಚೀಲಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನೂ ಇರುತ್ತದೆ. ಹೆಪ್ಪುಗಟ್ಟುವ ಕ್ರಿಯೆಗೆ ಮೊದಲ ಕಿಡಿ ಹೊತ್ತಿಸುವುದು ಅದೇ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೋವಿಡ್ ರೋಗಿಗಳ ರಕ್ತದ ಚೀಲಗಳಲ್ಲಿ ಟಿಶ್ಯೂ ಫ್ಯಾಕ್ಟರಿನ ಚಟುವಟಿಕೆ ಹೆಚ್ಚಿರುವುದನ್ನೂ, ಕಾಯಿಲೆಯ ತೀವ್ರತೆ ಮತ್ತು ಸಾವಿನೊಂದಿಗೆ ಅದಕ್ಕೆ ನಂಟಿರುವುದನ್ನೂ ತೋರಿಸಿತು. ಎಚ್1ಎನ್1 ಜ್ವರ ತೀವ್ರವಾದವರಲ್ಲೂ ಇಂಥದೇ ನಂಟು ಕಂಡಿತ್ತು. ಹೀಗೆ ಶ್ವಾಸಕೋಶದಲ್ಲಿ ಹತ್ತಿದ ಉರಿ ರಕ್ತದ ದಾರಿಯಲ್ಲಿ ದೂರದೂರಕ್ಕೆ ಹಬ್ಬಲು ಈ ಚೀಲಗಳೂ ಒಂದು ಕಾರಣ.

ಇಷ್ಟೇ ಆಗಿದ್ದರೆ ಮಾತು ಸರಳವಿತ್ತು, ಚೀಲಗಳು ಕೆಟ್ಟವು, ತಡೆಯೋಣ ಎನ್ನಬಹುದಿತ್ತು. ಆದರೆ 2022ರಲ್ಲಿ ನೇಚರ್ ಕಮ್ಯೂನಿಕೇಶನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಕೊರೋನಾ ವೈರಸ್ಸು ಕೋಶದೊಳಗೆ ನುಗ್ಗಲು ಹಿಡಿಯುವುದು ಎಸಿಇ2 ಎಂಬ ಪ್ರೋಟೀನನ್ನು. ಸೋಂಕಿತರ ರಕ್ತದಲ್ಲಿ ಇದೇ ಎಸಿಇ2ವನ್ನು ಮೈಮೇಲೆ ಹೊತ್ತ ಚೀಲಗಳು ಹೆಚ್ಚಾಗಿದ್ದವು. ವೈರಸ್ಸು ಇವನ್ನೇ ಕೋಶವೆಂದು ಹಿಡಿದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಪ್ರಯೋಗಾಲಯದ ಕೋಶಗಳಲ್ಲಿ ಮತ್ತು ಇಲಿಗಳಲ್ಲಿ ಇಂಥ ಚೀಲಗಳು ಬೇರೆಬೇರೆ ತಳಿಗಳ ಸೋಂಕನ್ನು ತಡೆದವು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ನಿನ ಸಂಶೋಧಕರು ಮೂಗಿನ ಕೋಶಗಳು ವೈರಸ್ಸಿನ ಸುಳಿವು ಸಿಕ್ಕಾಗ ಚೀಲಗಳ ಹಿಂಡನ್ನೇ ಲೋಳೆಗೆ ಬಿಡುತ್ತವೆ, ವೈರಸ್ಸು ಕೋಶ ಮುಟ್ಟುವ ಮೊದಲೇ ಅದನ್ನು ಸುತ್ತಿಕೊಳ್ಳುತ್ತವೆ ಎಂದು ತೋರಿಸಿದರು. ಆರೋಗ್ಯವಂತರನ್ನು 4.4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ 15 ನಿಮಿಷ ಇರಿಸಿದಾಗ ಮೂಗಿನ ಒಳಗಿನ ಬಿಸಿ ಸುಮಾರು 5 ಡಿಗ್ರಿ ಇಳಿಯಿತು. ಅಷ್ಟು ತಣ್ಣಗಾದ ಮೂಗಿನ ಕೋಶಗಳು ಬಿಡುವ ಚೀಲಗಳ ಸಂಖ್ಯೆ ಶೇಕಡ 42ರಷ್ಟು ಕುಸಿಯಿತು. ಚಳಿಗಾಲದಲ್ಲಿ ನೆಗಡಿ ಏಕೆ ಹೆಚ್ಚು ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಉತ್ತರವಾಗಬಹುದು. ಬೆಂಗಳೂರಿನ ಜನವರಿ ಮುಂಜಾವು ಅಷ್ಟು ತಣ್ಣಗಿರುವುದಿಲ್ಲ, ಹಾಗಾಗಿ ಆ ಅಂಕಿಯನ್ನು ಹಾಗೇ ತಂದು ಲಾಲ್‌ಬಾಗಿನ ವಾಕಿಂಗಿಗೆ ಅನ್ವಯಿಸುವುದು ಸರಿಯಲ್ಲ. ಅಜ್ಜಿಯರು ಮಫ್ಲರ್ ಸುತ್ತಿ ಕಳಿಸುತ್ತಿದ್ದುದರಲ್ಲಿ ಅರ್ಥವಿತ್ತು ಎಂದು ಹೇಳಲು ಮಾತ್ರ ನನಗೆ ಸಂಕೋಚವಿಲ್ಲ.

ಒಟ್ಟಿನಲ್ಲಿ ಒಂದೇ ಜಾತಿಯ ವಸ್ತು ಒಂದು ಕಡೆ ಹೆಪ್ಪುಗಟ್ಟಿಸುತ್ತದೆ, ಇನ್ನೊಂದು ಕಡೆ ಕಾಪಾಡುತ್ತದೆ. ಯಾವ ಕೋಶದಿಂದ ಬಂತು, ಸೋಂಕಿನ ಎಷ್ಟನೆಯ ದಿನ, ಒಳಗೇನಿತ್ತು ಎಂಬುದರ ಮೇಲೆ ಅದು ಮಿತ್ರನೋ ಶತ್ರುವೋ ತೀರ್ಮಾನವಾಗುತ್ತದೆ. ಈ ಪ್ರಶ್ನೆಗಳನ್ನು ಬಿಟ್ಟು ಎಕ್ಸೋಸೋಮ್ ಒಳ್ಳೆಯದು ಎಂದು ಹೇಳುವುದಕ್ಕೆ ಅರ್ಥವೇ ಇಲ್ಲ. ಎಕ್ಸೋಸೋಮ್ ಚಿಕಿತ್ಸೆ ಎಂಬ ಹೆಸರನ್ನು ಕೇಳಿದ ಕೂಡಲೇ ನಾವು ಕೇಳಬೇಕಾದ ಮೊದಲ ಪ್ರಶ್ನೆ: ಯಾರ ಎಕ್ಸೋಸೋಮ್?

ಅಳೆಯುವ ಕಷ್ಟ ಇನ್ನೊಂದು. ಕೆ.ಆರ್. ರಸ್ತೆಯ ಆಸುಪಾಸಿನ ಒಂದು ಮನೆಗೆ ಬೆಳಗ್ಗೆ ಏಳಕ್ಕೆ ಲ್ಯಾಬಿನ ಹುಡುಗ ಬಂದು ರಕ್ತ ತೆಗೆದ ಎಂದುಕೊಳ್ಳಿ. ತೋಳಿಗೆ ಪಟ್ಟಿ ಬಿಗಿದು, ನರ ಸಿಗದೆ ಎರಡು ಸಲ ಚುಚ್ಚಿ, ನೇರಳೆ ಮುಚ್ಚಳದ ಟ್ಯೂಬ್ ತುಂಬಿಸಿ, ಸ್ಕೂಟರಿನ ಡಬ್ಬಿಗೆ ಹಾಕಿಕೊಂಡು, ಇನ್ನೂ ನಾಲ್ಕು ಮನೆ ಸುತ್ತಿ, ಹೊಂಡ ಬಿದ್ದ ರಸ್ತೆಯಲ್ಲಿ ಕುಲುಕಿಸಿಕೊಂಡು ಹತ್ತೂವರೆಗೆ ಲ್ಯಾಬ್ ಸೇರುತ್ತಾನೆ. ಸಕ್ಕರೆ, ಕೊಲೆಸ್ಟರಾಲ್ ನೋಡಲು ಇದರಿಂದ ಅಂಥ ತೊಂದರೆಯಿಲ್ಲ. ಕಿರುಚೀಲಗಳ ಲೆಕ್ಕಕ್ಕೆ ಮಾತ್ರ ಇದು ಪೂರ್ತಿ ಕೆಟ್ಟಂತೆ. ಬಿಗಿದ ಪಟ್ಟಿ, ಎರಡನೆಯ ಚುಚ್ಚು, ಕುಲುಕಾಟ, ತಡ, ಇದೆಲ್ಲದರಿಂದ ಟ್ಯೂಬಿನೊಳಗಿನ ಪ್ಲೇಟ್‌ಲೆಟ್‌ಗಳೇ ಕೆರಳಿ ಹೊಸ ಚೀಲಗಳನ್ನು ಉದುರಿಸುತ್ತವೆ. ಆಮೇಲೆ ಎಣಿಸಿದರೆ ಸಿಗುವುದು ರೋಗಿಯ ದೇಹದ ಲೆಕ್ಕವಲ್ಲ, ಸ್ಕೂಟರ್ ಸವಾರಿಯ ಲೆಕ್ಕ. ಸರಿಯಾಗಿ ಮಾಡಬೇಕಾದರೆ ಸಿಟ್ರೇಟ್ ಹಾಕಿದ ಟ್ಯೂಬ್ ಬೇಕು, ಮೊದಲ ಒಂದಿಷ್ಟು ರಕ್ತವನ್ನು ಬಿಡಬೇಕು, ಕುಲುಕದೆ ತಂದು ಬೇಗನೆ ಎರಡು ಸಲ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನೆಲ್ಲ ಬೇರ್ಪಡಿಸಬೇಕು, ಆಮೇಲೆ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು.

ಅಷ್ಟಾದರೂ ಮುಗಿಯಲಿಲ್ಲ. ಕೊರೋನಾ ವೈರಸ್ಸಿನ ಕಣ ಸುಮಾರು 100 ನ್ಯಾನೋಮೀಟರ್, ಎಕ್ಸೋಸೋಮೂ ಅಷ್ಟೇ. ಎರಡಕ್ಕೂ ಮೇಲಿರುವುದು ಕೋಶದಿಂದ ಪಡೆದ ಕೊಬ್ಬಿನ ಪೊರೆ. ತೂಕದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಸೋಂಕಿತರ ರಕ್ತದಿಂದ ಚೀಲಗಳನ್ನು ಬೇರ್ಪಡಿಸಿದೆವು ಎನ್ನುವವರು ವೈರಸ್ಸನ್ನು ಬೇರ್ಪಡಿಸಿಲ್ಲ ಎಂಬುದಕ್ಕೆ ಪುರಾವೆ ಕೊಡಬೇಕಾಗುತ್ತದೆ. ರಕ್ತದಲ್ಲಿರುವ ಕೊಲೆಸ್ಟರಾಲ್ ಸಾಗಿಸುವ ಕಣಗಳು ಈ ಚೀಲಗಳಿಗಿಂತ ಎಷ್ಟೋ ಪಟ್ಟು ಹೆಚ್ಚು, ಅವುಗಳನ್ನೂ ಇವುಗಳನ್ನೂ ಬೇರೆ ಮಾಡುವುದು ಸುಲಭವಲ್ಲ. ಅಂತರರಾಷ್ಟ್ರೀಯ ಸಂಘವೊಂದು 2014ರಿಂದ ಮತ್ತೆ ಮತ್ತೆ ನಿಯಮಗಳನ್ನು ಪರಿಷ್ಕರಿಸುತ್ತಾ, ಹುಟ್ಟಿದ ಬಗೆ ಖಚಿತವಿಲ್ಲದ ಚೀಲಗಳನ್ನು ಎಕ್ಸೋಸೋಮ್ ಎಂದು ಕರೆಯಬೇಡಿ ಎಂದು ಸಂಶೋಧಕರಿಗೇ ಹೇಳುತ್ತಿದೆ. ಜೀವಮಾನವಿಡೀ ಇದನ್ನೇ ಓದಿದವರು ಇಷ್ಟು ಎಚ್ಚರದಿಂದ ಬಳಸುವ ಹೆಸರು ಬ್ಯೂಟಿ ಪಾರ್ಲರಿನ ಬೋರ್ಡಿನ ಮೇಲೆ ಧೈರ್ಯವಾಗಿ ಹೊಳೆಯುತ್ತಿರುವುದು ನನ್ನನ್ನು ಕಳವಳಕ್ಕೀಡುಮಾಡುತ್ತದೆ.

ಆತುರದ ಬೆಲೆ ಏನು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2020ರ ಏಪ್ರಿಲ್ ಕೊನೆಯಲ್ಲಿ ಕೋಟೆಯ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಚಿಕಿತ್ಸೆಯ ಪ್ರಯೋಗ ಶುರುವಾಯಿತು. ಗುಣವಾದವರ ಪ್ಲಾಸ್ಮಾದಲ್ಲಿ ಪ್ರತಿಕಾಯಗಳಿವೆ, ಅದನ್ನು ಕಾಯಿಲೆಯವರಿಗೆ ಕೊಟ್ಟರೆ ಗುಣವಾಗಬೇಕು ಎಂಬ ತರ್ಕ ಕೇಳಲು ಎಷ್ಟು ನ್ಯಾಯವಾಗಿದೆ! ಡಿಫ್ತೀರಿಯಾ ಕಾಲದಿಂದ ಬಂದ ಗೌರವವೂ ಆ ತರ್ಕಕ್ಕಿತ್ತು. ಜುಲೈ ಹೊತ್ತಿಗೆ ಪ್ಲಾಸ್ಮಾ ದಾನ ಮಾಡುವವರಿಗೆ 5,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತು. ವಾಟ್ಸಾಪ್ ಗುಂಪುಗಳಲ್ಲಿ ಇಂಥ ರಕ್ತಗುಂಪಿನ, ಇಷ್ಟು ದಿನದ ಹಿಂದೆ ಗುಣವಾದ ದಾನಿ ತುರ್ತಾಗಿ ಬೇಕು ಎಂಬ ಸಂದೇಶಗಳು ಹಗಲಿರುಳೂ ಹರಿದವು. ಆಸ್ಪತ್ರೆಯ ಹೊರಗೆ ನಿಂತ ಮಕ್ಕಳಿಗೆ ಅಪ್ಪನಿಗೆ ಪ್ಲಾಸ್ಮಾ ಹೊಂದಿಸಲಾಗಲಿಲ್ಲ ಎಂಬ ಕೊರಗು ಬೇರೆ.

ಅದೇ ಹೊತ್ತಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸಿಡ್ ಎಂಬ ಪ್ರಯೋಗವನ್ನು ಶಿಸ್ತಿನಿಂದ ನಡೆಸಿತು. ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಗೆ ಪ್ಲಾಸ್ಮಾ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಪ್ಲಾಸ್ಮಾ ಪಡೆದ 235 ಜನರಲ್ಲಿ 44 ಮಂದಿಗೆ ಕಾಯಿಲೆ ತೀವ್ರವಾಯಿತು ಅಥವಾ ಅವರು ತೀರಿಕೊಂಡರು. ಪಡೆಯದ 229 ಜನರಲ್ಲಿ ಹಾಗಾದವರು 41. ವ್ಯತ್ಯಾಸವೇ ಇಲ್ಲ. 2020ರ ಅಕ್ಟೋಬರಿನಲ್ಲಿ ಇದು ಪ್ರಕಟವಾಯಿತು. ಬ್ರಿಟನ್ನಿನ ರಿಕವರಿ ಪ್ರಯೋಗ 11,558 ರೋಗಿಗಳಲ್ಲಿ ನೋಡಿ ಅದೇ ಮಾತು ಹೇಳಿತು. ಆದರೂ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ರಂದು, ಎರಡನೆಯ ಅಲೆ ಊರನ್ನು ಮುಳುಗಿಸಿದ ಮೇಲೆ. ಫಲಿತಾಂಶ ಕೈಯಲ್ಲಿದ್ದೂ ಏಳು ತಿಂಗಳು ಜನ ದಾನಿಗಳಿಗಾಗಿ ಅಲೆದರು. ಆ ಚೀಲ ಚೀಲ ಪ್ಲಾಸ್ಮಾದಲ್ಲಿ ಪ್ರತಿಕಾಯಗಳ ಜೊತೆಗೆ ದಾನಿಯ ಕಿರುಚೀಲಗಳೂ ಇನ್ನೊಬ್ಬರ ಮೈಗೆ ಹರಿದವು ಎಂಬುದನ್ನೂ ನೆನಪಿಡಬೇಕು.

ಈ ವಾದಕ್ಕೆ ಒಂದು ಗಟ್ಟಿ ಎದುರುತ್ತರವಿದೆ, ಅದನ್ನು ಗೌರವದಿಂದಲೇ ಕೇಳಬೇಕು. ಎದುರಿಗೆ ರೋಗಿ ಉಸಿರಿಗೆ ಒದ್ದಾಡುತ್ತಿರುವಾಗ, ಬೇರೆ ದಾರಿಯೇ ಇಲ್ಲದಿರುವಾಗ, ಪ್ರಯೋಗ ಮುಗಿಯಲಿ ಎಂದು ವೈದ್ಯ ಕೈಕಟ್ಟಿ ಕೂರಬೇಕೇ? ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಕಂಗಾಲಾಗಿದ್ದ ದಿನಗಳನ್ನು ಕಂಡವರು ಯಾರೂ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಶಿಸ್ತಿನ ಪ್ರಯೋಗಕ್ಕೆ ವರ್ಷಗಟ್ಟಲೆ ಬೇಕು ಎಂಬ ನಂಬಿಕೆಯೇ ಇಲ್ಲಿ ತಪ್ಪು. 2020ರ ಮಾರ್ಚಿನಲ್ಲಿ ಶುರುವಾದ ಅದೇ ರಿಕವರಿ ಪ್ರಯೋಗ ಜೂನ್ 16ರಂದೇ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿರುವವರ ಸಾವನ್ನು ಮೂರರಲ್ಲಿ ಒಂದು ಭಾಗದಷ್ಟು ತಗ್ಗಿಸುತ್ತದೆ ಎಂದು ಪ್ರಕಟಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ನಾವು ಮೊದಲರ್ಧ ಮಾತ್ರ ಕೇಳಿಸಿಕೊಂಡೆವು. ಆಮ್ಲಜನಕ ಬೇಕಿಲ್ಲದವರಿಗೂ ಸ್ಟೀರಾಯ್ಡ್ ಬರೆದದ್ದರ ಪಾಲು 2021ರಲ್ಲಿ ಬೌರಿಂಗ್ ಆಸ್ಪತ್ರೆಯ ವಾರ್ಡುಗಳಲ್ಲಿ ಕಪ್ಪು ಶಿಲೀಂಧ್ರದ ರೂಪದಲ್ಲಿ ಕಂಡಿತು.

ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ನಿನ ಕಥೆಯೂ ಹಾಗೆಯೇ. ಪೂರ್ತಿ ಪ್ರಮಾಣದ ಹೆಪಾರಿನ್ ಎಲ್ಲರಿಗೂ ಒಳ್ಳೆಯದೇ ಮಾಡಬೇಕು ಎಂದು ತರ್ಕ ಹೇಳುತ್ತಿತ್ತು. ಕೆಲವು ದೊಡ್ಡ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಧ್ಯಮ ತೀವ್ರತೆಯ ರೋಗಿಗಳಿಗೆ ಅದು ನೆರವಾಯಿತು, ಐಸಿಯು ಸೇರಿದವರಿಗೆ ಆಗಲಿಲ್ಲ. ಕಾರಣ ಗೊತ್ತಿದ್ದ ಮಾತ್ರಕ್ಕೆ ಚಿಕಿತ್ಸೆ ಗೊತ್ತಾಗುವುದಿಲ್ಲ.

ಈ ಪಾಠವನ್ನು ಎಕ್ಸೋಸೋಮಿಗೆ ಹಚ್ಚಿ ನೋಡಿ. 2021ರ ಫೆಬ್ರವರಿಯಲ್ಲಿ ಟೆಲ್ ಅವೀವ್‌ನ ಇಖಿಲೋವ್ ಆಸ್ಪತ್ರೆ ತಾನು ಸಿದ್ಧಪಡಿಸಿದ ಎಕ್ಸೋಸೋಮ್ ಔಷಧವನ್ನು ಉಸಿರಿನ ಮೂಲಕ ಕೊಟ್ಟ 30 ರೋಗಿಗಳಲ್ಲಿ 29 ಮಂದಿ ಮೂರರಿಂದ ಐದು ದಿನದಲ್ಲಿ ಮನೆಗೆ ಹೋದರು ಎಂದು ಹೇಳಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಆ 30 ಮಂದಿಯ ಪಕ್ಕದಲ್ಲಿ ಔಷಧ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಔಷಧವಿಲ್ಲದಿದ್ದರೂ ಅವರಲ್ಲಿ ಎಷ್ಟು ಮಂದಿ ಮನೆಗೆ ಹೋಗುತ್ತಿದ್ದರು? ಅಮೆರಿಕದಲ್ಲಿ ಅಸ್ಥಿಮಜ್ಜೆಯ ಕಾಂಡಕೋಶಗಳಿಂದ ತೆಗೆದ ಚೀಲಗಳನ್ನು 102 ರೋಗಿಗಳ ಎರಡನೆಯ ಹಂತದ ಪ್ರಯೋಗದಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಕೆಲವು ಗುಂಪುಗಳಲ್ಲಿ ಸಾವು ಕಡಿಮೆ ಕಂಡಿತು. ಆದರೆ ಪ್ರಯೋಗ ಮುಗಿದ ಮೇಲೆ ಗುಂಪು ಒಡೆದು ಕಂಡ ಲಾಭ ಮುಂದಿನ ದೊಡ್ಡ ಪ್ರಯೋಗಕ್ಕೆ ಕಾರಣವಾಗಬಹುದೇ ಹೊರತು ಬೀದಿಯ ಕ್ಲಿನಿಕ್ಕಿಗೆ ಪರವಾನಗಿ ಆಗಲಾರದು. ಈ ಪ್ರಯೋಗಗಳನ್ನು ನಾನು ಹೀಗಳೆಯುತ್ತಿಲ್ಲ. ಅವು ಮುಂದುವರಿಯಲಿ, ನಮ್ಮ ಊರಲ್ಲೂ ನಡೆಯಲಿ. ಪ್ರಯೋಗಕ್ಕೂ ಮಾರಾಟಕ್ಕೂ ನಡುವಿನ ಗೆರೆ ಅಳಿಸಬಾರದು, ಅಷ್ಟೇ.

ಆ ಗೆರೆ ಕಾನೂನಿನಲ್ಲೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲೇ, ನೆಬ್ರಾಸ್ಕಾದಲ್ಲಿ ಎಕ್ಸೋಸೋಮ್ ಹೆಸರಿನ ಉತ್ಪನ್ನ ಪಡೆದ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆ, ತಾನು ಇಂಥ ಯಾವ ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದು ಸಾರ್ವಜನಿಕರನ್ನು ಎಚ್ಚರಿಸಿತ್ತು. ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಕಾಂಡಕೋಶಗಳಿಂದ ತಯಾರಾದ ಉತ್ಪನ್ನವನ್ನು ಹೊಸ ಔಷಧದ ಪಟ್ಟಿಗೇ ಸೇರಿಸಿವೆ. ಹೊಸ ಔಷಧವೆಂದರೆ ಅನುಮತಿ ಬೇಕು, ಪ್ರಯೋಗ ಬೇಕು, ನೈತಿಕ ಸಮಿತಿ ಬೇಕು, ರೋಗಿಯ ಒಪ್ಪಿಗೆ ಬೇಕು. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಅದರ ಹಣ ವಸೂಲಿ ಮಾಡುವವರ ಮೇಲೆ ನನಗೆ ನಂಬಿಕೆಯಿಲ್ಲ, ನಿಮಗೂ ಇರಬಾರದು.

ಹಾಗಾದರೆ ಮಾಡಬೇಕಾದ್ದೇನು? ಈ ಚೀಲಗಳು ನಿಜವಾಗಿ ನೆರವಾಗಬಲ್ಲ ಜಾಗ ಚೇತರಿಕೆಯ ಅಧ್ಯಯನ, ಮತ್ತು ನಾವು ಅತಿ ಹೆಚ್ಚು ಕಡೆಗಣಿಸಿರುವುದೂ ಅದನ್ನೇ. ಚೇತರಿಕೆ ಎಂದರೆ ಏನು ಎಂಬುದನ್ನು ಕೋವಿಡ್ ಕಾಲದಲ್ಲಿ ಸುತ್ತೋಲೆಗಳು ತೀರ್ಮಾನಿಸಿದವು. ಮೊದಲು ಎರಡು ಸಲ ನೆಗೆಟಿವ್ ಬರಬೇಕು ಎಂದಿತ್ತು. 2020ರ ಮೇ 8ರ ಸುತ್ತೋಲೆಯ ಪ್ರಕಾರ ಸೌಮ್ಯ ಲಕ್ಷಣದವರು ಹತ್ತು ದಿನ ಕಳೆದು ಮೂರು ದಿನ ಜ್ವರವಿಲ್ಲದಿದ್ದರೆ ಪರೀಕ್ಷೆಯಿಲ್ಲದೆ ಮನೆಗೆ ಹೋಗಬಹುದಾಯಿತು. ಹಾಸಿಗೆ ತೆರವು ಮಾಡಲು ಅದು ಬೇಕಾದ ನಿರ್ಧಾರವೇ. ಆದರೆ ಅಂಕಿಅಂಶದ ಪಟ್ಟಿಯಲ್ಲಿ ಗುಣಮುಖ ಎಂಬ ಕಾಲಮ್ಮಿಗೆ ಸೇರಿದ ಎಷ್ಟೋ ಮಂದಿ ಆಮೇಲೆ ತಿಂಗಳುಗಟ್ಟಲೆ ಎರಡು ಮಹಡಿ ಹತ್ತಲಾಗದೆ ಏದುಸಿರು ಬಿಟ್ಟರು. ಹೆಸರು ನೆನಪಾಗದೆ ತಡವರಿಸಿದರು, ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದರು. ಅವರ ಎಕ್ಸ್‌ರೇ ಸರಿಯಿತ್ತು, ಸಾಮಾನ್ಯ ರಕ್ತಪರೀಕ್ಷೆ ಸರಿಯಿತ್ತು. ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂಬ ಉತ್ತರ ಕೇಳಿ ಮನೆಗೆ ಬಂದವರು ನಮ್ಮ ಬಡಾವಣೆಯಲ್ಲೇ ಇದ್ದಾರೆ.

ಇಂಥವರ ರಕ್ತದ ಚೀಲಗಳನ್ನು ಬೇರೆ ದೇಶಗಳಲ್ಲಿ ನೋಡಿದಾಗ ಕೆಲವರಲ್ಲಿ ಸೋಂಕು ಕಳೆದು ತಿಂಗಳುಗಳಾದ ಮೇಲೂ ವೈರಸ್ಸಿನ ಸ್ಪೈಕ್ ಪ್ರೋಟೀನಿನ ತುಣುಕುಗಳು ಸಿಕ್ಕಿವೆ. ಮಿದುಳಿನ ಕೋಶಗಳಿಂದ ಬಂದ ಚೀಲಗಳನ್ನು ಪ್ರತ್ಯೇಕಿಸಿ ನೋಡುವ ಪ್ರಯತ್ನಗಳೂ ನಡೆದಿವೆ. ಮಿದುಳನ್ನು ಚುಚ್ಚದೆ, ಶ್ವಾಸಕೋಶವನ್ನು ಕತ್ತರಿಸದೆ, ಆ ಅಂಗ ಈಗ ಹೇಗಿದೆ ಎಂದು ತೋಳಿನ ರಕ್ತದಿಂದ ತಿಳಿಯುವ ಸಾಧ್ಯತೆ ಇದು. ಇವು ಸಣ್ಣ ಅಧ್ಯಯನಗಳು, ತುಣುಕು ಸಿಕ್ಕಿತೆಂದರೆ ಜೀವಂತ ವೈರಸ್ಸು ಇದೆ ಎಂದೂ ಅಲ್ಲ. ಆದರೂ ಏದುಸಿರಿನ ಮನುಷ್ಯನಿಗೆ ಏನೂ ಇಲ್ಲ ಎನ್ನುವ ಉತ್ತರಕ್ಕಿಂತ ಹುಡುಕೋಣ ಎನ್ನುವ ಉತ್ತರ ಮೇಲು.

ಹುಡುಕಲು ಬೇಕಾದ್ದು ನಮ್ಮಲ್ಲಿ ಇಲ್ಲದೆಯೂ ಇಲ್ಲ. ವಿಶ್ವೇಶ್ವರಪುರಂನ ಎದೆಯಲ್ಲೇ ಕಿಮ್ಸ್ ಆಸ್ಪತ್ರೆಯಿದೆ. 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಕೂಗಳತೆಯಲ್ಲಿದೆ. ಎದೆರೋಗಕ್ಕೇ ಮೀಸಲಾದ ರಾಜೀವ್ ಗಾಂಧಿ ಸಂಸ್ಥೆ ನಿಮ್ಹಾನ್ಸ್ ಪಕ್ಕದಲ್ಲಿದೆ, 2009ರ ಎಚ್1ಎನ್1 ದಿನಗಳಲ್ಲಿ ಜನ ಸಾಲುಗಟ್ಟಿದ್ದು ಅಲ್ಲಿಯೇ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಕೋವಿಡ್ ರೋಗಿಗಳ ರಕ್ತ ಮತ್ತು ಇತರ ಮಾದರಿಗಳನ್ನು ಕಾಪಿಡಲು ಗೊತ್ತುಮಾಡಿದ ಸಂಗ್ರಹಾಲಯಗಳಲ್ಲಿ ಒಂದು ಜಿಕೆವಿಕೆ ಆವರಣದ ಇನ್‌ಸ್ಟೆಮ್. ರೋಗಿಗಳಿರುವ ಕಡೆಗೂ ಶೀತಲಪೆಟ್ಟಿಗೆ ಇರುವ ಕಡೆಗೂ ನಡುವೆ ಒಂದು ನಿಯಮಿತ ದಾರಿ ಬೇಕು. ತೀವ್ರ ಜ್ವರ, ನ್ಯುಮೋನಿಯ ಆಗಿ ಆಸ್ಪತ್ರೆ ಸೇರಿದವರು ಬಿಡುಗಡೆಯಾಗುವ ದಿನ, ಆಮೇಲೆ ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಬರುವಂತೆ ಕರೆಯಬೇಕು. ಆರು ನಿಮಿಷ ನಡೆಸಿ ಆಮ್ಲಜನಕ ನೋಡುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಅದೇ ದಿನ ಆಸ್ಪತ್ರೆಯಲ್ಲೇ, ಸ್ಕೂಟರ್ ಹತ್ತದ ಎರಡು ಟ್ಯೂಬ್ ರಕ್ತವನ್ನು ಸರಿಯಾದ ಕ್ರಮದಲ್ಲಿ ತೆಗೆದಿಡಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಲಾಗದವರಿಗೆ ಓದಿ ಹೇಳಬೇಕು. ನೂರು ಜನರನ್ನು ಹೀಗೆ ಶ್ರದ್ಧೆಯಿಂದ ಹಿಂಬಾಲಿಸಿದರೂ ಸಾವಿರ ಜನರ ಒಂದೊಂದು ಬಿಡಿ ವರದಿಗಿಂತ ಹೆಚ್ಚು ತಿಳಿಯುತ್ತದೆ.

ಇದನ್ನು ಆಡಂಬರ ಎನ್ನುವವರು ಬೆಂಗಳೂರಿನ ಹಿಂದಿನದನ್ನು ನೆನೆಯಲಿ. 1898ರ ಪ್ಲೇಗು ಬಂದು ಹೋದ ಮೇಲೆ ಈ ಊರು ಸುಮ್ಮನೆ ಕೂರಲಿಲ್ಲ. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಪೇಟೆಯ ಆಚೆಗೆ ಅಗಲ ರಸ್ತೆ, ಚರಂಡಿ, ಹಿಂದುಮುಂದು ಜಾಗ ಬಿಟ್ಟ ಮನೆಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ವಿಶ್ವೇಶ್ವರಪುರಂ ಆಮೇಲೆ ಅದೇ ದಾರಿಯಲ್ಲಿ ಬಂತು. ಒಂದು ಸಾಂಕ್ರಾಮಿಕದಿಂದ ಊರನ್ನು ಕಟ್ಟುವ ಕ್ರಮವನ್ನೇ ಬದಲಿಸಿಕೊಂಡ ಜನ ಇನ್ನೊಂದು ಸಾಂಕ್ರಾಮಿಕದಿಂದ ರೋಗಿಯನ್ನು ಹಿಂಬಾಲಿಸುವ ಕ್ರಮವನ್ನಾದರೂ ಕಲಿಯಬೇಡವೇ?

ಓದುಗರಲ್ಲಿ ನನ್ನ ಕೋರಿಕೆ ಎರಡೇ. ಎಕ್ಸೋಸೋಮ್ ಹೆಸರಿನ ಇಂಜೆಕ್ಷನ್ನೋ ಡ್ರಿಪ್ಪೋ ಯಾರಾದರೂ ನಿಮ್ಮ ಮುಂದಿಟ್ಟರೆ, ಇದು ಯಾವ ಕೋಶದಿಂದ ಬಂದದ್ದು, ಇದಕ್ಕೆ ಔಷಧ ನಿಯಂತ್ರಕರ ಅನುಮತಿ ಪತ್ರ ಎಲ್ಲಿದೆ ಎಂದು ಕೇಳಿ. ಪತ್ರ ತೋರಿಸದಿದ್ದರೆ ಎದ್ದು ಬನ್ನಿ. ಅದೇ ಒಂದು ಆಸ್ಪತ್ರೆ ನಿಮ್ಮ ಚೇತರಿಕೆಯನ್ನು ಅಭ್ಯಾಸ ಮಾಡುತ್ತೇವೆ, ಮೂರು ತಿಂಗಳು ಬಿಟ್ಟು ಬಂದು ಎರಡು ಟ್ಯೂಬ್ ರಕ್ತ ಕೊಡಿ ಎಂದು ಕೇಳಿದರೆ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ವಿಚಾರಿಸಿಕೊಂಡು, ಇದ್ದರೆ ದಯವಿಟ್ಟು ಹೋಗಿ ಕೊಟ್ಟು ಬನ್ನಿ.